ಕಾಯುವ ಕೆಲಸ



ಸಂಜೆ ಹೊತ್ತು ನಮ್ಮ ತುಮಕೂರು ಸೀಮೆಯ ಯಾವುದಾದರೂ ಹಳ್ಳಿಯ ಜಗಲಿಯ ಮೇಲೆ ಕೂತು ಸುಮ್ಮನೆ ಕಿವಿಗೊಡಿ. "ಮಗ ಎಲ್ಲಮ್ಮ?" ಎಂದು ಯಾರೋ ಕೇಳುತ್ತಾರೆ. "ದನ ಕಾಯೋಕೆ ಹೋಗವ್ನೆ" ಎಂದು ಒಳಗಿನಿಂದ ಉತ್ತರ ಬರುತ್ತದೆ. "ನೀನ್ಯಾಕೆ ಇನ್ನೂ ಉಂಡಿಲ್ಲ?" "ಅವನಿಗೇ ಕಾಯ್ತಾ ಇವ್ನಿ." ಅಷ್ಟರಲ್ಲಿ ಹುಡುಗ ಬಂದರೆ, "ನೀರು ಕಾದೈತೆ, ಕೈಕಾಲು ತೊಳ್ಕೊ ಹೋಗು." ಮೂರು ಮಾತು, ಮೂರರಲ್ಲೂ ಒಂದೇ ಪದ. ದನವನ್ನು ನೋಡಿಕೊಳ್ಳುವುದೂ ಕಾಯುವುದೇ, ಮಗನ ದಾರಿ ನೋಡುವುದೂ ಕಾಯುವುದೇ, ಒಲೆಯ ಮೇಲೆ ನೀರು ಬಿಸಿಯಾಗುವುದೂ ಕಾಯುವುದೇ. ಇವುಗಳ ಧಾತು ಬೇರೆ ಬೇರೆ ಎಂದು ಭಾಷೆ ಬಲ್ಲವರು ಹೇಳಬಹುದು. ಆದರೆ ಆಡುವ ನಾಲಿಗೆಗೆ ಅವು ಒಂದೇ ಆಗಿ ಉಳಿದಿರುವುದಕ್ಕೆ ಕಾರಣ ಇದೆ ಎಂದು ನನಗೆ ಬಹಳ ಕಾಲದಿಂದ ಅನಿಸಿದೆ. ಕೋಳಿ ಕಾವಿಗೆ ಕೂತರೆ 21 ದಿನ. ಆ 21 ದಿನ ಅದು ಮೊಟ್ಟೆಯನ್ನು ಕಾಪಾಡುತ್ತಿದೆಯೋ, ಮರಿಗಾಗಿ ಎದುರುನೋಡುತ್ತಿದೆಯೋ, ಬಿಸಿ ಕೊಡುತ್ತಿದೆಯೋ? ಬಿಡಿಸಿ ಹೇಳುವುದು ಕಷ್ಟ.

ತಾಳ್ಮೆಯ ಬಗ್ಗೆ ಮಾತನಾಡಿ ಎಂದು ಆಕಾಶವಾಣಿಯವರು ಕರೆದಾಗ ನನಗೆ ಮೊದಲು ನೆನಪಾದದ್ದು ಈ ಪದ, ಆಮೇಲೆ ನೆನಪಾದದ್ದು ಒಬ್ಬ ತಾಯಿ.

ಆ ತಾಯಿ ಹುಟ್ಟಿದ್ದು ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ. ಮದುವೆಯಾಗಿ ಹೋದದ್ದು ಕುಣಿಗಲ್ ಗಡಿ ದಾಟಿದರೆ ಸಿಗುವ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೂಲಿ ಮಾಡಿ ಬದುಕಿದವರು. ಗಂಡ ಚಿಕ್ಕಯ್ಯನವರೂ ಕೂಲಿಯೇ. ಮಕ್ಕಳಾಗಲಿಲ್ಲ. ಮಕ್ಕಳಾಗದ ಹೆಣ್ಣಿಗೆ ಊರು ಏನೆಲ್ಲ ಅನ್ನುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ಸೇರಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಗೆ ಆಲದ ಸಸಿ ನೆಟ್ಟರು. ಅವು ಇವತ್ತು 385 ಮರ. ಸಾಲುಮರದ ತಿಮ್ಮಕ್ಕನವರ ಹೆಸರನ್ನು ಕೇಳದ ಕನ್ನಡಿಗರು ಇರಲಾರರು. 2019ರಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಯವರ ಹಣೆ ಮುಟ್ಟಿ ಹರಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. 2025ರ ನವೆಂಬರ್ 14ರಂದು ಅವರು ತೀರಿಕೊಂಡರು.

385 ಎಂಬ ಅಂಕಿ ಎಲ್ಲರ ಬಾಯಲ್ಲೂ ಇದೆ. ನನ್ನನ್ನು ಹಿಡಿದು ನಿಲ್ಲಿಸುವ ಅಂಕಿ ಅದಲ್ಲ. ಮೊದಲ ವರ್ಷ ಅವರು ನೆಟ್ಟದ್ದು 10 ಸಸಿ. ಎರಡನೆಯ ವರ್ಷ 15. ಮೂರನೆಯ ವರ್ಷ 20. ಯೋಚಿಸಿ ನೋಡಿ. ಆಲದ ಸಸಿಗೇನು ದುಡ್ಡು ಕೊಡಬೇಕಾಗಿರಲಿಲ್ಲ, ಊರ ಸುತ್ತ ಆಲದ ಮರಗಳಿದ್ದವು. ಮನಸ್ಸು ಮಾಡಿದ್ದರೆ ಒಂದೇ ಮಳೆಗಾಲದಲ್ಲಿ ನೂರು ನೆಡಬಹುದಿತ್ತು. ಹತ್ತಕ್ಕೆ ಏಕೆ ನಿಲ್ಲಿಸಿದರು? ನನಗೆ ತೋಚುವುದು ಇಷ್ಟೇ: ನೀರು ಹೊರಬೇಕಾದವರೂ ಅವರೇ. ಕೊಡ, ಬಕೆಟ್ಟು ಹೊತ್ತು ನಾಲ್ಕು ಕಿಲೋಮೀಟರ್ ದೂರದವರೆಗೂ ನಡೆದು ಒಂದೊಂದರ ಬುಡಕ್ಕೂ ಹಾಕಬೇಕು. ಆಡು ದನ ಮೇಯದಂತೆ ಮುಳ್ಳು ಕಡಿದು ತಂದು ಸುತ್ತ ಕಟ್ಟಬೇಕು. ಕೂಲಿಯನ್ನೂ ಬಿಡುವ ಹಾಗಿಲ್ಲ. ಎಷ್ಟಕ್ಕೆ ನೀರು ಹೊರಲಾದೀತೋ ಅಷ್ಟನ್ನೇ ನೆಡುವುದು. ಅವು ಬೇರು ಹಿಡಿದು ಮಳೆಯ ನೀರಿಗೇ ನಿಲ್ಲುವಂತಾದ ಮೇಲೆ ಕೈ ಸ್ವಲ್ಪ ಬಿಡುವಾಗುತ್ತದೆ, ಆಗ ಇನ್ನೈದು ಹೆಚ್ಚು ನೆಡಬಹುದು.

ಇದು ಲೆಕ್ಕ. ಕೂಲಿ ಮಾಡುವ ಇಬ್ಬರು ಬಡವರು ಹಾಕಿದ ಲೆಕ್ಕ. ಒಂದೇ ದಿನ ಸಾವಿರ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ಸಮಾರಂಭಗಳಿಗೆ ನಾನೂ ಹೋಗಿದ್ದೇನೆ, ಮುಖ್ಯ ಅತಿಥಿಯಾಗಿ ಒಂದು ಗುಂಡಿಗೆ ಮಣ್ಣು ಎಳೆದಿದ್ದೇನೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಗುಂಡಿ ಇರುತ್ತದೆ, ಗಿಡ ಇರುವುದಿಲ್ಲ. ಅಲ್ಲಿ ಇಲ್ಲದ್ದು ಉತ್ಸಾಹವೂ ಅಲ್ಲ, ಹಣವೂ ಅಲ್ಲ. ನೆಡುವಾಗಲೇ ನೀರಿನ ಲೆಕ್ಕ ಹಾಕಿದವರು ಇರಲಿಲ್ಲ. ತಾಳ್ಮೆ ಎಂದರೆ ಕೆಲಸ ಶುರುವಾದ ಮೇಲೆ ಫಲ ಬರುವ ತನಕ ಬೇಕಾಗುವ ಗುಣ ಎಂದು ನಾನು ತಿಳಿದಿದ್ದೆ. ತಿಮ್ಮಕ್ಕ ಚಿಕ್ಕಯ್ಯನವರನ್ನು ನೋಡಿದರೆ ಅದು ಶುರುವಿನಲ್ಲೇ, ಎಷ್ಟು ಗುಂಡಿ ತೋಡಬೇಕು ಎಂದು ತೀರ್ಮಾನಿಸುವಾಗಲೇ ಬೇಕಾದದ್ದು.

ಚಿಕ್ಕಯ್ಯನವರು 1991ರಲ್ಲಿ ಹೋದರು. ಆಲದ ಬಿಳಲು ಇಳಿದು, ನೆಲ ಮುಟ್ಟಿ, ಕಂಬವಾಗಿ ನಿಲ್ಲುವುದಕ್ಕೆ ಮನುಷ್ಯನ ಅರ್ಧ ಆಯುಸ್ಸು ಬೇಕು. ಪ್ರಶಸ್ತಿ, ಸನ್ಮಾನ ಎಲ್ಲ ಆಮೇಲಿನವು. ಆ ಮನುಷ್ಯ ಯಾರ ಚಪ್ಪಾಳೆಯನ್ನೂ ಕೇಳದೆ ನೀರು ಹೊತ್ತರು.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಅದನ್ನು ಬಿಟ್ಟು ತಾಳ್ಮೆಯ ಬಗ್ಗೆ ಮಾತನಾಡಿದರೆ ನಾನು ಆಡಿದ್ದಕ್ಕೆ ಬೆಲೆಯಿರುವುದಿಲ್ಲ.

ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತೆಂಗು, ಅಡಿಕೆ ತೋಟಗಳ ಊರು. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ. ದಿನವೂ ತಡವಾಗಿ ಬರುತ್ತಿದ್ದ. ಕೊನೆಯ ಬೆಂಚು. ಎರಡನೆಯ ಪಿರಿಯಡ್ಡಿಗೆಲ್ಲ ತಲೆ ಕೈ ಮೇಲೆ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಬೈದೆ, ಹೊರಗೆ ನಿಲ್ಲಿಸಿದೆ. ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ ಅವನ ತಂದೆಯನ್ನು ಕರೆಸಿದೆ. ಅವರು ಟವೆಲ್ಲು ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದರು. "ನೋಡಿ ಯಜಮಾನ್ರೇ, ಇವನಿಗೆ ಓದು ಹತ್ತೋದಿಲ್ಲ. ಸುಮ್ಮನೆ ವರ್ಷ ಕಳೆಯೋದಕ್ಕಿಂತ ಯಾವುದಾದರೂ ಕೆಲಸಕ್ಕೆ ಹಾಕಿ" ಎಂದೆ. ಅವರು "ಆಯ್ತು ಸ್ವಾಮಿ" ಎಂದರು. ಅಷ್ಟೇ. ಮಾರನೆಯ ದಿನದಿಂದ ಹುಡುಗ ಬರಲಿಲ್ಲ.

ಆ ವರ್ಷದ ಕೊನೆಯಲ್ಲಿ ಅವನ ಪಕ್ಕದ ಮನೆಯ ಹುಡುಗಿಯೊಬ್ಬಳು ಮಾತಿನ ನಡುವೆ ಹೇಳಿದಳು: ಅವರ ತೋಟದ ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಮಧ್ಯರಾತ್ರಿಯ ಮೇಲೆ. ತಂದೆಗೆ ಸೊಂಟದ ನೋವು. ಹುಡುಗನೇ ರಾತ್ರಿ ತೋಟದಲ್ಲಿ ಕಂಬಳಿ ಹೊದ್ದು ಕರೆಂಟಿಗೆ ಕಾಯುತ್ತಿದ್ದ. ಕರೆಂಟು ಬಂದರೆ ಮೋಟಾರು ಹಾಕಿ, ಗಿಡದಿಂದ ಗಿಡಕ್ಕೆ ನೀರು ತಿರುಗಿಸಿ, ಬೆಳಗಿನ ಜಾವ ಬಂದು ಮಲಗುತ್ತಿದ್ದ. ನನ್ನ ತರಗತಿಯಲ್ಲಿ ಅವನು ತಲೆ ಇಟ್ಟು ಮಲಗಿದ್ದು ಆ ನಿದ್ದೆ.

ಅವನು ಕತ್ತಲಲ್ಲಿ ಕೂತು, ಯಾವಾಗ ಬರುತ್ತದೋ ಗೊತ್ತಿಲ್ಲದ ಕರೆಂಟಿಗೆ ತಿಂಗಳುಗಟ್ಟಲೆ ಕಾದ. ನನಗೆ ಅವನಿಗಾಗಿ ಒಂದು ವರ್ಷ ಕಾಯಲು ಆಗಲಿಲ್ಲ. ಒಂದು ಸಂಜೆ ಅವರ ಮನೆಯವರೆಗೆ ಸೈಕಲ್ಲು ತುಳಿದಿದ್ದರೆ ಎಲ್ಲ ತಿಳಿಯುತ್ತಿತ್ತು. ವಿಷಯ ಗೊತ್ತಾದ ಮೇಲೆ ಹೋದೆ. ಅಷ್ಟರಲ್ಲಿ ಅವನು ಬೆಂಗಳೂರಿಗೆ ಹೋಗಿಯಾಗಿತ್ತು.

ಬಹಳ ವರ್ಷಗಳ ಮೇಲೆ ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ "ಸಾರ್, ಚೆನ್ನಾಗಿದ್ದೀರಾ?" ಎಂದು ಒಬ್ಬ ಹತ್ತಿರ ಬಂದ. ಅವನೇ. ನನ್ನ ಕೈಯಿಂದ ಚೀಲ ತೆಗೆದುಕೊಂಡು ಬಸ್ಸಿನವರೆಗೆ ತಂದಿಟ್ಟ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿರಲಿಲ್ಲ. ನಾನು ಕ್ಷಮಿಸು ಅನ್ನಬೇಕೆಂದುಕೊಂಡೆ, ಬಸ್ಸು ಹೊರಟಿತು. ಆ ದಿನದಿಂದ ನಾನು ಯಾವ ಮಗುವಿನ ಬಗ್ಗೆಯೂ "ಹತ್ತೋದಿಲ್ಲ" ಎಂಬ ಮಾತನ್ನು ಆಡಿಲ್ಲ.

ಮುಂದಾಳುತನ ಎಂದರೆ ನಮಗೆ ದೊಡ್ಡ ದೊಡ್ಡ ಹುದ್ದೆಗಳು ನೆನಪಿಗೆ ಬರುತ್ತವೆ. ಆದರೆ ನಲವತ್ತು ಮಕ್ಕಳ ಮುಂದೆ ನಿಂತ ಮೇಷ್ಟ್ರೂ ಮುಂದಾಳೇ, ಐದು ಜನ ಕೆಲಸಗಾರರನ್ನಿಟ್ಟುಕೊಂಡ ಗ್ಯಾರೇಜಿನ ಯಜಮಾನನೂ ಮುಂದಾಳೇ, ಸ್ತ್ರೀಶಕ್ತಿ ಸಂಘದ ಪುಸ್ತಕ ಹಿಡಿದವಳೂ ಮುಂದಾಳೇ. ಇನ್ನೊಬ್ಬರ ಬೆಳವಣಿಗೆ ಯಾರ ಮಾತಿನ ಮೇಲೆ ನಿಂತಿದೆಯೋ ಅವರೆಲ್ಲ ಮುಂದಾಳುಗಳು. ಅವರ ಅವಸರಕ್ಕೆ ದಂಡ ತೆರುವವರು ಬೇರೆಯವರು.

ಇದನ್ನು ಬಹಳ ಚೆನ್ನಾಗಿ ಬಲ್ಲವರೊಬ್ಬರು ಗುಬ್ಬಿಯಲ್ಲೇ ಇದ್ದರು. ಗುಬ್ಬಿ ವೀರಣ್ಣನವರು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಗೆ ಅವರು ಸೇರಿದ್ದು ಎಳೆಯ ಬಾಲಕನಾಗಿ. ಯಜಮಾನಿಕೆ ಕೈಗೆ ಬಂದದ್ದು 1917ರಲ್ಲಿ. ನಡುವಿನ ವರ್ಷಗಳೆಲ್ಲ ಕಂಪನಿಯೊಳಗೇ ಇದ್ದು ಕಲಿತ ವರ್ಷಗಳು. ಯಜಮಾನರಾದ ಮೇಲೂ ಅವರಿಗೆ ಹೆಸರು ತಂದುಕೊಟ್ಟ ಪಾತ್ರಗಳಲ್ಲಿ ಒಂದು 'ಸದಾರಮೆ' ನಾಟಕದ ಕಳ್ಳ. ರಾಜನ ಕಿರೀಟವನ್ನು ಬೇರೆಯವರ ತಲೆಗೆ ಬಿಟ್ಟು ತಾವು ಕಳ್ಳನಾಗಿ ನಗಿಸುತ್ತಿದ್ದ ಯಜಮಾನರು.

ಹಳೆಯ ನಾಟಕ ಕಂಪನಿಯಲ್ಲಿ ಹುಡುಗರು ಬೆಳೆಯುತ್ತಿದ್ದದ್ದು ಹೇಗೆಂದರೆ, ಮೊದಲು ಬಾಲಪಾತ್ರ, ಗುಂಪಿನಲ್ಲೊಂದು ದನಿ, ಪರದೆ ಎಳೆಯುವ ಕೆಲಸ. ಮಿಕ್ಕ ಹೊತ್ತೆಲ್ಲ ಸೈಡ್ ವಿಂಗಿನಲ್ಲಿ ನಿಂತು ದೊಡ್ಡವರನ್ನು ನೋಡುವುದು. ನೂರು ರಾತ್ರಿ ನೋಡಿದ ಮೇಲೆ ಒಂದು ದಿನ ಪಾತ್ರಧಾರಿಗೆ ಜ್ವರ ಬಂದರೆ, ಸೈಡ್ ವಿಂಗಿನಲ್ಲಿ ನಿಂತ ಹುಡುಗನಿಗೆ ಬಣ್ಣ. ಅಲ್ಲಿಯವರೆಗೆ ಅವನಿಗೆ ಊಟ, ಬಟ್ಟೆ, ಇರಲು ಜಾಗ ಎಲ್ಲ ಕಂಪನಿಯದೇ. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಆದರೂ ಅಡುಗೆಮನೆಯ ಒಲೆ ಉರಿಯಲೇಬೇಕು. ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ಅವರ ಮಗ ಮುತ್ತುರಾಜ ಹುಡುಗನಾಗಿ ಅಲ್ಲೇ ಬಣ್ಣ ಹಚ್ಚಿದ. 1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಗೆ ಬಂದಾಗ ನಾಡು ಅವನನ್ನು ರಾಜಕುಮಾರ್ ಎಂದು ಕರೆಯಿತು. ನಮ್ಮ ನರಸಿಂಹರಾಜು, ಜಿ. ವಿ. ಅಯ್ಯರ್ ಅವರೂ ಆ ಕಂಪನಿಯ ನೆರಳಲ್ಲಿ ಪಳಗಿದವರೇ.

ಅದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು ಸಂಗತಿ. ಬಂಟ್ವಾಳದ ಕಡೆಯ ಬಾಬುಕೋಡಿಯಿಂದ ಮನೆ ಬಿಟ್ಟು ಬಂದ ವೆಂಕಟರಮಣ ಎಂಬ ಹುಡುಗ ಕಂಪನಿ ಸೇರಿದ. ಚುರುಕು ಹುಡುಗ, ಹಾಡುತ್ತಿದ್ದ. ಇನ್ನೊಬ್ಬ ಯಜಮಾನರಾಗಿದ್ದರೆ ಅವನನ್ನು ಕಟ್ಟಿಹಾಕಿಕೊಂಡು ದುಡಿಸಿಕೊಳ್ಳುತ್ತಿದ್ದರು. ವೀರಣ್ಣನವರು ಅವನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದರು. ಹಿಂದಿ ಎಂ.ಎ. ಮಾಡುವುದರಿಂದ ನಾಟಕ ಕಂಪನಿಗೆ ಬರುವ ಲಾಭವೇನು? ಆ ಹುಡುಗ ಬಿ. ವಿ. ಕಾರಂತರಾದರು. 1977ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ. ಅವರು ಯಾವುದಕ್ಕಾಗಿ ಕಾದರೋ ಅದು ಬಂದಾಗ ಅವರಿರಲಿಲ್ಲ. ಚಿಕ್ಕಯ್ಯನವರಂತೆಯೇ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಬಿಗಿಯಾಗಿ ಹೇಳಬೇಕು. "ತಾಳಿದವನು ಬಾಳಿಯಾನು" ಎಂಬ ಗಾದೆಯನ್ನು ನಾವು ಯಾರಿಗೆ ಹೇಳುತ್ತೇವೆ? ಹೊಡೆತ ತಿನ್ನುವ ಸೊಸೆಗೆ ಹೇಳುತ್ತೇವೆ. ಕೂಲಿ ಬಾಕಿ ಉಳಿದವನಿಗೆ ಹೇಳುತ್ತೇವೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕಿಗೆ ಹೇಳುತ್ತೇವೆ. ಕುರ್ಚಿಯಲ್ಲಿ ಕೂತವನು ನಿಂತವನಿಗೆ ತಾಳ್ಮೆ ಬೋಧಿಸುವುದು ನನಗೆ ಸಹಿಸಲಾಗದ ಸಂಗತಿ. ಫೈಲನ್ನು ಆರು ತಿಂಗಳು ಮೇಜಿನಡಿ ಇಟ್ಟವನು ತಾಳ್ಮೆಯ ಮನುಷ್ಯನಲ್ಲ, ಅವನು ಬೇರೆಯವರ ಆಯುಸ್ಸನ್ನು ಕದಿಯುತ್ತಿದ್ದಾನೆ. ತಾಳುವವನು ಬೆನ್ನು ಬಗ್ಗಿಸಿ ಪೆಟ್ಟು ತಡೆದುಕೊಳ್ಳುತ್ತಾನೆ. ಕಾಯುವವನ ಕಣ್ಣು ತೆರೆದಿರುತ್ತದೆ. ಹೊಲ ಕಾಯುವವನು ಹಂದಿ ನುಗ್ಗಿದರೆ ಸುಮ್ಮನೆ ಕೂರುತ್ತಾನೆಯೇ? 2019ರಲ್ಲಿ ರಸ್ತೆ ಅಗಲ ಮಾಡಲು ತಮ್ಮ ಆಲದ ಮರಗಳಿಗೆ ಕೊಡಲಿ ಬೀಳುತ್ತದೆ ಎಂದು ತಿಳಿದಾಗ ತಿಮ್ಮಕ್ಕನವರು ಕಾಯುತ್ತ ಕೂರಲಿಲ್ಲ. ಆ ಇಳಿವಯಸ್ಸಿನಲ್ಲಿ ಎದ್ದು ಮುಖ್ಯಮಂತ್ರಿಗಳ ಬಳಿಗೆ ಹೋದರು, ಮರ ಉಳಿಸಿ ಎಂದರು. ಅಂದು ಎದ್ದು ಹೋದದ್ದೂ ಕಾಯುವುದೇ.

ಕಾಯುವವರ ಮಾತಾಯಿತು, ಇನ್ನು ಕಾಯಿಸುವವರ ಮಾತು. ಕುಣಿಗಲ್ ಎಂದರೆ ನಾಡಿಗೆಲ್ಲ ಅಲ್ಲಿನ ಕೆರೆ, ಅದರ ಜನಪದ ಹಾಡು ನೆನಪಾಗುತ್ತದೆ. ನನಗೆ ಆ ಕೆರೆಯ ಏರಿಯ ಮೇಲೆ ನಿಂತಾಗಲೆಲ್ಲ ನಮ್ಮ ಹಳೇ ಮೈಸೂರಿನ ಕೆರೆಗಳ ನೀರುಗಂಟಿಗಳು ನೆನಪಾಗುತ್ತಾರೆ. ಈಗಿನ ಮಕ್ಕಳಿಗೆ ಆ ಪದವೇ ಗೊತ್ತಿರಲಾರದು. ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಒಕ್ಕಣೆಯಾದಾಗ ಕಣದಲ್ಲಿ ಅವನಿಗೆ ಇಷ್ಟು ಕಾಳು. ತೂಬಿನ ಪಕ್ಕದ ಗದ್ದೆಯವನು ಸಾಮಾನ್ಯವಾಗಿ ಊರಿನ ದೊಡ್ಡ ಕುಳ. ನೀರು ಮೊದಲು ತಲುಪುವುದೂ ಅವನಿಗೇ. ಅವನು "ಇನ್ನೊಂದು ಗಳಿಗೆ ಬಿಡಯ್ಯ" ಎಂದಾಗ "ಇಲ್ಲ ಗೌಡ್ರೇ, ಕೆಳಗಿನವರ ಸರದಿ" ಎನ್ನಬೇಕು. ಕೊನೆಯ ಗದ್ದೆಯವನು "ನನ್ನ ಪೈರು ಒಣಗ್ತಾ ಅದೆ" ಎಂದು ಓಡಿಬಂದಾಗ "ನಾಳೆ ಬೆಳಗ್ಗೆ ನಿನ್ನ ಕಾಲುವೆಗೆ ನೀರು ಬರ್ತದೆ" ಎಂದು ಹೇಳಬೇಕು, ಹೇಳಿದಂತೆ ಬರಿಸಬೇಕು. ಬರಿಸಿದರೆ ಮುಂದಿನ ಸಲ ಆ ರೈತ ನಂಬಿ ಕಾಯುತ್ತಾನೆ. ಒಂದು ಸಲ ತಪ್ಪಿದರೆ, ಅವನು ರಾತ್ರಿ ಗುದ್ದಲಿ ತಂದು ಕಾಲುವೆ ಒಡೆಯುತ್ತಾನೆ. ಜನಕ್ಕೆ ತಾಳ್ಮೆಯಿಲ್ಲ ಎಂದು ದೂರುವ ಮುಂದಾಳುಗಳು ಈ ಮಾತನ್ನು ಸ್ವಲ್ಪ ನೋಡಿಕೊಳ್ಳಬೇಕು. ಜನ ಕಾಯುವುದು ಕೊಟ್ಟ ಮಾತು ನಡೆದ ನೆನಪಿನ ಮೇಲೆ.

ಬೆಳೆಯ ಮಾತು ಬಂತು, ಆದ್ದರಿಂದ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಮರವನ್ನು ಬಿಟ್ಟು ಮುಂದೆ ಹೋಗಲಾರೆ. 1981ರಲ್ಲಿ ಅಲ್ಲಿ ಸಿದ್ದಪ್ಪ ಎಂಬುವರು ನೆಟ್ಟ ಒಂದು ಮರ. ಹಲಸು ಬೀಜದಿಂದ ಎದ್ದರೆ ತಾಯಿಯಂತೆಯೇ ಬರುತ್ತದೆ ಎಂಬ ಖಾತ್ರಿಯಿಲ್ಲ, ಒಂದೊಂದು ಮರದ್ದು ಒಂದೊಂದು ರುಚಿ. ಈ ಮರದ ಹಣ್ಣು ಸುಮಾರು ಎರಡೂವರೆ ಕಿಲೋ ತೂಗುವ ಪುಟ್ಟ ಹಣ್ಣು, ಒಳಗೆ ತಾಮ್ರದಂಥ ಕೆಂಪು ತೊಳೆ. ಮಗ ಪರಮೇಶ ಅವರ ತೋಟದ ಆ ಮರವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು, ತುಮಕೂರಿಗೆ ಹತ್ತಿರದ ಹಿರೇಹಳ್ಳಿ ಕೇಂದ್ರದ ಮೂಲಕ, ಪರೀಕ್ಷಿಸಿ ವಿಶೇಷ ತಳಿ ಎಂದು ಗುರುತಿಸಿದರು. ಅದು 2017ರಲ್ಲಿ. ನೆಟ್ಟ ತಂದೆಯ ಹೆಸರನ್ನೇ ಇಟ್ಟು 'ಸಿದ್ದು' ಎಂದು ಕರೆದರು. ನೆಟ್ಟು 36 ವರ್ಷವಾಗುವ ತನಕ ಆ ಮರ ಅದೇ ಕೆಂಪು ತೊಳೆಯನ್ನು ಹೊತ್ತು ನಿಂತಿತ್ತು. ಅದಕ್ಕೆ ಗುರುತಿನ ಚಿಂತೆಯಿರಲಿಲ್ಲ. ಆ ಮನೆಯವರು ಕಡಿಯದೆ ಉಳಿಸಿಕೊಂಡಿದ್ದರಿಂದ ಇವತ್ತು ಅದರ ಕಸಿ ಗಿಡಗಳು ಊರೂರಿಗೆ ಹೋಗಿವೆ.

ಓದು ಮುಗಿಸಿ ಎರಡು ವರ್ಷ ಕೆಲಸ ಸಿಗದೆ ಮನೆಯಲ್ಲಿ ತಲೆ ತಗ್ಗಿಸಿ ಕೂತ ಹುಡುಗ ಹುಡುಗಿಯರು ಈ ಮಾತು ಕೇಳುತ್ತಿದ್ದರೆ, ಅವರಿಗೆ ನಾನು ಆ ಮರವನ್ನು ಒಮ್ಮೆ ನೆನೆಸಿಕೊಳ್ಳಿ ಎನ್ನುತ್ತೇನೆ. ಅವರ ತಂದೆತಾಯಿಯರಿಗೆ, ದಯವಿಟ್ಟು ಕೊಡಲಿ ಎತ್ತಬೇಡಿ ಎನ್ನುತ್ತೇನೆ. ಮಾತಿನ ಕೊಡಲಿಯೂ ಕೊಡಲಿಯೇ. ನಾನು ಬೀಸಿದ್ದು ಅದನ್ನೇ.

ತುಮಕೂರಿನಲ್ಲಿದ್ದು ತಾಳ್ಮೆಯ ಬಗ್ಗೆ ಮಾತನಾಡುವವರು ಕೊನೆಗೆ ಸಿದ್ಧಗಂಗೆಯ ಬೆಟ್ಟದ ಬುಡಕ್ಕೇ ಬರಬೇಕು. ಡಾ. ಶಿವಕುಮಾರ ಸ್ವಾಮಿಗಳು 1930ರಲ್ಲಿ ದೀಕ್ಷೆ ಪಡೆದರು. ಮಠದ ಪೂರ್ಣ ಹೊಣೆ ಅವರ ಮೇಲೆ ಬಂದದ್ದು 1941ರಲ್ಲಿ, ಗುರುಗಳಾದ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ. ನಡುವೆ 11 ವರ್ಷ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ತರುಣ ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಮಕ್ಕಳ ಊಟಕ್ಕೆ ರಾಗಿ, ಕಾಳು ಕೂಡಿಸಿದರು. ಕಾಲ ಕಳೆದ ಹಾಗೆ ಆ ಊಟದ ಸಾಲು ಬೆಳೆಯಿತು, ಎಂಟು ಹತ್ತು ಸಾವಿರ ಮಕ್ಕಳಾದರು. ಜಾತಿ ಕೇಳದೆ, ಮತ ಕೇಳದೆ ಬಡಮಕ್ಕಳಿಗೆ ಮುದ್ದೆ, ಸಾರು, ಪಾಠ. ಅಲ್ಲಿ ಉಂಡು ಓದಿದವರು ಈಗ ಎಲ್ಲೆಲ್ಲಿಯೂ ಇದ್ದಾರೆ. ಈ ಮಾತು ಕೇಳುತ್ತಿರುವವರಲ್ಲೂ ಇರುತ್ತೀರಿ. ನಿಮ್ಮಲ್ಲಿ ಎಷ್ಟು ಜನ ಮೊದಲ ವರ್ಷವೇ ಚೆನ್ನಾಗಿ ಓದಿದವರು? ಎಷ್ಟು ಜನ ಮನೆಯ ನೆನಪಾಗಿ ಅತ್ತವರು, ಓಡಿಹೋಗಿ ಮತ್ತೆ ಬಂದವರು, ನಪಾಸಾದವರು? ಯಾರೋ ನಿಮಗಾಗಿ ಕಾದರು. ಹೊತ್ತಿಗೆ ಸರಿಯಾಗಿ ನಿಮ್ಮ ತಟ್ಟೆಗೆ ಮುದ್ದೆ ಬಿತ್ತು.

2019ರ ಜನವರಿ 21ರಂದು, ಸೋಮವಾರ, ಬೆಳಗಿನ ಹನ್ನೊಂದೂ ಮುಕ್ಕಾಲರ ಸುಮಾರಿಗೆ ಸ್ವಾಮಿಗಳು ದೇಹ ಬಿಟ್ಟರು. 111 ವರ್ಷ ತುಂಬಿದ ಜೀವ. ಹೊರಗೆ ನಾಡೆಲ್ಲ ಸುದ್ದಿಗಾಗಿ ತುದಿಗಾಲಲ್ಲಿ ನಿಂತಿತ್ತು. ಒಳಗಿದ್ದವರು ಬಾಗಿಲು ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಹೇಳಲಿಲ್ಲ. ಮಧ್ಯಾಹ್ನದ ಹೊತ್ತು, ಸಾವಿರಾರು ಮಕ್ಕಳು ಊಟಕ್ಕೆ ಕೂರುವ ಸಮಯ. ಸುದ್ದಿ ತಿಳಿದರೆ ಮಕ್ಕಳು ಉಣ್ಣುವುದಿಲ್ಲ, ಮಕ್ಕಳ ಊಟವಾಗುವ ತನಕ ಹೇಳಕೂಡದು ಎಂಬುದು ಸ್ವಾಮಿಗಳದೇ ಇಚ್ಛೆಯಾಗಿತ್ತಂತೆ.

ಮಕ್ಕಳು ಸಾಲಾಗಿ ಕೂತರು. ಬಡಿಸಿದರು. ಉಂಡರು. ಆಮೇಲೆ ಸುದ್ದಿ ಹೇಳಿದರು.